ತೊಗಟೆ ಮೇಲೆ, ತೊಗಟೆ ಕೆಳಗೆ

ಬ್ರಿಡಿ ಶಾಲೆ ಬದಲಾಯಿಸಬೇಕು ಎಂದಾಗ ಅವಳ ತಾಯಿ ಮೆರಿನ್ ಬೇಡ ಎನ್ನಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದಳು. ಅದು ಮಾತು ತೇಲಿಸುವ ಉತ್ತರವಾಗಿರಲಿಲ್ಲ. ಮೆರಿನ್ ವಿಚಾರಿಸುತ್ತೇನೆ ಎಂದರೆ ವಿಚಾರಿಸಿಯೇ ತೀರುವವಳು. ಊರಿನ ದೊಡ್ಡ ಹೈಸ್ಕೂಲಿನಲ್ಲಿ ಅವಳು ಹದಿನೇಳು ವರ್ಷದಿಂದ ಗಣಿತ ಕಲಿಸುತ್ತಿದ್ದಳು. ಬ್ರಿಡಿ ಓದುತ್ತಿದ್ದುದೂ ಅಲ್ಲೇ, ಹತ್ತನೇ ತರಗತಿಗೆ ಆಗಷ್ಟೇ ಕಾಲಿಟ್ಟಿದ್ದಳು.

ಅವಳು ಹೋಗಬೇಕೆಂದದ್ದು ಹ್ಯೂಯನ್ ನದಿಯ ಆಚೆ ದಡದ ಹಳೆಯ ಸೇಬಿನ ಶೆಡ್ಡಿಗೆ. ಒಂದು ಕಾಲಕ್ಕೆ ಕಣಿವೆಯ ಸೇಬೆಲ್ಲ ಅಲ್ಲಿ ಪೆಟ್ಟಿಗೆಗೆ ಬಿದ್ದು ಹಡಗು ಹತ್ತುತ್ತಿತ್ತು. ವ್ಯಾಪಾರ ಇಳಿದ ಮೇಲೆ ಖಾಲಿ ಬಿದ್ದಿದ್ದ ಕಟ್ಟಡದಲ್ಲಿ ಈಗ ಮೂವತ್ತು ಚಿಲ್ಲರೆ ಮಕ್ಕಳ ಶಾಲೆ ನಡೆಯುತ್ತಿತ್ತು. ಅಲ್ಲಿ ಗಂಟೆ ಹೊಡೆಯುವುದಿಲ್ಲ, ಪೀರಿಯಡ್ಡುಗಳಿಲ್ಲ. ಏನು ಕಲಿಯಬೇಕು, ಯಾವಾಗ ಕಲಿಯಬೇಕು ಎಂಬುದನ್ನು ಮಕ್ಕಳೇ ಗೊತ್ತುಮಾಡಿಕೊಳ್ಳಬೇಕು. ಕೇಳಿದರೆ ಹೇಳಿಕೊಡಲು ನಾಲ್ವರು ದೊಡ್ಡವರಿದ್ದರು. ಕೇಳದಿದ್ದರೆ ಅವರೂ ತಮ್ಮ ಕೆಲಸ ತಾವು ನೋಡಿಕೊಂಡಿರುತ್ತಿದ್ದರು. ಊರವರು ಅದಕ್ಕೆ ಶಾಲೆ ಅನ್ನುತ್ತಿರಲಿಲ್ಲ, ‘ಶೆಡ್ಡು’ ಅನ್ನುತ್ತಿದ್ದರು.

ದೊಡ್ಡ ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೇ ಎಂದು ಮೆರಿನ್ ಮಗಳನ್ನು ಕೇಳಿದಳು. ಯಾರೂ ಏನೂ ಅಂದಿರಲಿಲ್ಲ. ಅಂಕಗಳೂ ಚೆನ್ನಾಗಿಯೇ ಬರುತ್ತಿದ್ದವು.

“ನಂಗೆ ಅಲ್ಲಿ ಬೇಜಾರೇನಿಲ್ಲಮ್ಮ,” ಎಂದಳು ಬ್ರಿಡಿ. “ಕಾಯ್ತಾ ಇರ್ತೀನಿ ಅಷ್ಟೆ. ಗಂಟೆ ಹೊಡೆಯೋದಕ್ಕೆ ಕಾಯ್ತೀನಿ, ಶುಕ್ರವಾರಕ್ಕೆ ಕಾಯ್ತೀನಿ, ರಜಕ್ಕೆ ಕಾಯ್ತೀನಿ. ಕಾಯೋದ್ರಲ್ಲಿ ನಾನು ತುಂಬಾ ಹುಷಾರು. ಅದಕ್ಕೇ ಮಾರ್ಕ್ಸ್ ಬರ್ತಿರೋದು.”

ಮೆರಿನ್ ಶೆಡ್ಡಿನಲ್ಲಿ ಓದಿದ ಮೂವರ ಫೋನ್ ನಂಬರ್ ಹುಡುಕಿ ಮಾತಾಡಿದಳು. ಒಬ್ಬ ಹೋಬಾರ್ಟ್ ಆಸ್ಪತ್ರೆಯಲ್ಲಿ ನರ್ಸ್. ಇನ್ನೊಬ್ಬ ಮರದ ದೋಣಿ ಕಟ್ಟುತ್ತಿದ್ದ. ಮೂರನೆಯವಳು ಕಾನೂನು ಓದುತ್ತಿದ್ದಳು. ಶಾಲೆಯಲ್ಲಿ ಏನು ಕಲಿಯದೇ ಉಳಿಯಿತು ಎಂದು ಮೆರಿನ್ ಅವಳನ್ನು ನೇರವಾಗಿಯೇ ಕೇಳಿದಳು. ಭಿನ್ನರಾಶಿ ಉಳಿಯಿತು, ಕಾಲೇಜಿಗೆ ಸೇರುವಾಗ ಬೇಕಾಯಿತು, ಎರಡು ವಾರ ಕೂತು ಕಲಿತೆ ಎಂದು ಆ ಹುಡುಗಿ ತಣ್ಣಗೆ ಹೇಳಿದಳು. ಫೋನ್ ಇಟ್ಟ ಮೇಲೆ ಆ ಎರಡು ವಾರ ಮೆರಿನ್‌ಳ ತಲೆಯಿಂದ ಇಳಿಯಲಿಲ್ಲ. ಅದೇ ಭಿನ್ನರಾಶಿಯನ್ನು ಅವಳು ಮಕ್ಕಳಿಗೆ ನಾಲ್ಕು ವರ್ಷ ಕಲಿಸುತ್ತಿದ್ದಳು. ಕಲಿಯದೇ ಹೋಗುತ್ತಿದ್ದವರು ಎಷ್ಟು ಜನ ಎಂಬುದೂ ಅವಳಿಗೆ ಗೊತ್ತಿತ್ತು.

ಸುದ್ದಿ ಸ್ಟಾಫ್ ರೂಮಿಗೂ ಮುಟ್ಟಿತು. ಬೇಕರಿಯವಳ ಮಗಳೇ ಪಕ್ಕದಂಗಡಿ ಬ್ರೆಡ್ಡು ತಿನ್ನುತ್ತಾಳಂತೆ ಎಂದು ವಿಜ್ಞಾನದ ಮೇಷ್ಟ್ರು ಕಾಲೆಳೆದರು. ಬ್ರೆಡ್ಡು ಚೆನ್ನಾಗಿದ್ದರೆ ನಾನೂ ತರಿಸಿಕೊಳ್ಳುತ್ತೇನೆ ಎಂದು ಮೆರಿನ್ ನಗುತ್ತಲೇ ಉತ್ತರಿಸಿದಳು. ಅವಳ ಗಂಡ ಗ್ಲೆನ್ ಬ್ರೂನಿ ದ್ವೀಪಕ್ಕೆ ಹೋಗುವ ಫೆರಿ ಹಡಗಿನಲ್ಲಿ ಕೆಲಸಕ್ಕಿದ್ದ. ಕಾರುಗಳನ್ನು ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಮನೆಯಲ್ಲಿ ಮಾತ್ರ ಯಾವುದನ್ನೂ ಎಲ್ಲಿ ನಿಲ್ಲಿಸಬೇಕೆಂದು ಅವನು ಹೇಳಿದವನಲ್ಲ. “ನೀನು ಒಪ್ಪಿದೀಯ ಅಂದ್ಮೇಲೆ ನಾನು ಒಪ್ಪಿ ಆಗ್ಲೇ ಒಂದು ವಾರ ಆಗಿರ್ಬೇಕು,” ಎಂದ.

ಆದರೆ ತಂದೆತಾಯಿ ಒಪ್ಪಿದ ಮಾತ್ರಕ್ಕೆ ಶೆಡ್ಡಿನಲ್ಲಿ ಸೀಟು ಸಿಗುತ್ತಿರಲಿಲ್ಲ. ಹೊಸಬರು ಮೊದಲು ಎರಡು ವಾರ ಅಲ್ಲಿದ್ದು ನೋಡಬೇಕು. ಆಮೇಲಿನ ಸೋಮವಾರ ಇಡೀ ಶಾಲೆ ಸಭೆ ಸೇರಿ ಕೈ ಎತ್ತುತ್ತದೆ. ಒಂಬತ್ತು ವರ್ಷದ ಮಗುವಿಗೂ ಒಂದು ಮತ, ಶಿಕ್ಷಕರಿಗೂ ಒಂದೇ ಮತ. ನಾಲ್ಕರಲ್ಲಿ ಮೂರು ಪಾಲು ಕೈ ಮೇಲೇಳದಿದ್ದರೆ ಬಂದ ದಾರಿಯಲ್ಲೇ ವಾಪಸು. ಬ್ರಿಡಿ ಅಲ್ಲಿಗೆ ಸೇರಬೇಕೆಂದು ಮೆರಿನ್ ಆಗಲೇ ತೀರ್ಮಾನಿಸಿಯಾಗಿತ್ತು. ಸೇರುತ್ತಾಳೆ ಎಂಬುದರಲ್ಲೂ ಅವಳಿಗೆ ಅನುಮಾನವಿರಲಿಲ್ಲ. ಇಂಥ ಹುಡುಗಿಯನ್ನು ಬೇಡ ಅನ್ನುವವರು ಯಾರು?

ಮೊದಲ ವಾರ ಬ್ರಿಡಿ ಏನೂ ಮಾಡಲಿಲ್ಲ. ಸಂಜೆ ಕೇಳಿದರೆ ಸೋಫಾದ ಮೇಲೆ ಮಲಗಿದ್ದೆ, ಟೋಸ್ಟ್ ತಿಂದೆ ಅನ್ನುತ್ತಿದ್ದಳು. ಬುಧವಾರ ಟಾಯ್ಲೆಟ್ಟಿಗೆ ಹೋಗಲು ಕೈ ಎತ್ತಿ ಅಪ್ಪಣೆ ಕೇಳಿದ್ದಳಂತೆ. ಡೆಸ್ಮಂಡ್ ಎಂಬ ಶಿಕ್ಷಕರು, ನೀನು ಕೇಳುವುದಾದರೆ ಇನ್ನು ನಾನೂ ನಿನ್ನನ್ನು ಕೇಳಿಕೊಂಡೇ ಹೋಗಬೇಕಾಗುತ್ತದೆ ಎಂದರಂತೆ. ಎರಡನೇ ವಾರವೂ ಸುದ್ದಿ ಹೆಚ್ಚೇನೂ ಇರಲಿಲ್ಲ. ಪೆಟ್ರಾ ಎಂಬ ಹುಡುಗಿಯ ಜೊತೆ ಸೌದೆ ಎತ್ತಿದೆ ಎಂದಳು. ಸೌದೆ ಎತ್ತುವುದನ್ನು ಮೆರಿನ್ ಓದಿನ ಲೆಕ್ಕಕ್ಕೆ ಹಿಡಿಯಲಿಲ್ಲ. ಹುಡುಗಿ ಇನ್ನೂ ಹೊಂದಿಕೊಂಡಿಲ್ಲ, ಹೊಂದಿಕೊಳ್ಳುತ್ತಾಳೆ ಎಂದುಕೊಂಡು ಪ್ರಶ್ನೆ ಅಲ್ಲಿಗೇ ಬಿಟ್ಟಳು.

ಎರಡನೇ ವಾರದ ಶನಿವಾರ ಶೆಡ್ಡಿನಲ್ಲಿ ಶ್ರಮದಾನ. ಕಣಿವೆಯ ಎಲ್ಲ ಶಾಲೆಗಳಲ್ಲೂ ವರ್ಷಕ್ಕೊಮ್ಮೆ ತಂದೆತಾಯಂದಿರು ಬಂದು ಬಣ್ಣ ಬಳಿದು, ಹುಲ್ಲು ಕತ್ತರಿಸಿ, ಸುಟ್ಟ ಸಾಸೇಜ್ ಬ್ರೆಡ್ಡಿನಲ್ಲಿ ಸುತ್ತಿಕೊಂಡು ತಿಂದು ಹೋಗುತ್ತಾರೆ. ಶೆಡ್ಡಿನಲ್ಲಿ ಒಂದು ವ್ಯತ್ಯಾಸವಿತ್ತು. ಕೆಲಸ ಹಂಚುವವರು ಮಕ್ಕಳು, ಹೇಳಿದ್ದನ್ನು ಮಾಡುವವರು ದೊಡ್ಡವರು. ಮೆರಿನ್‌ಗೆ ಹಿಂದಿನ ಕಿಟಕಿಗಳು ಬಂದವು. ಒರೆಸುವುದು ಹೇಗೆ ಎಂದು ಒಂಬತ್ತು ವರ್ಷದ ಹುಡುಗಿಯೊಬ್ಬಳು ತೋರಿಸಿಕೊಟ್ಟಳು. ಮೆರಿನ್ ಮುಗುಳ್ನಗುತ್ತ ಒರೆಸಿದಳು. ಎಲ್ಲರಿಗಿಂತ ಮೊದಲು ಮುಗಿಸಿದಳು. ಮುಂದೇನು ಎಂದು ಕೇಳಬೇಕಿತ್ತು. ಆ ಮಗು ಎಲ್ಲೂ ಕಾಣಲಿಲ್ಲ. ಕಂಡದ್ದು ಸೌದೆಯ ಒಟ್ಟಿಲು.

ಸೌದೆಯ ಒಟ್ಟಿಲು ನೋಡಿ ಮನೆಯವರನ್ನು ಅಳೆಯುವ ಊರು ಅದು. ಏಪ್ರಿಲ್ ಬಂದಿತ್ತು, ಭೂಮಿಯ ಆ ದಕ್ಷಿಣದ ತುದಿಯಲ್ಲಿ ಚಳಿಗಾಲ ಹತ್ತಿರವಾಗುವ ಕಾಲ, ಬೆಳಗಿನ ಹೊತ್ತು ಬಾಯಿಂದ ಹಬೆ ಏಳುವುದು ಶುರುವಾಗಿತ್ತು. ಮೆರಿನ್‌ಳ ಅಪ್ಪ ಬದುಕಿರುವವರೆಗೂ ಒಟ್ಟಿಲಿನ ಮೇಲೆ ಮಟ್ಟಗೋಲು ಇಟ್ಟು ನೋಡುತ್ತಿದ್ದವನು. ಇಲ್ಲಿ ಮಾಡಿನ ಕೆಳಗೆ ಮೂರು ಸಾಲಿತ್ತು. ಒಂದು ಸಾಲಿನಲ್ಲಿ ತೊಗಟೆ ಮೇಲೆ, ಪಕ್ಕದ್ದರಲ್ಲಿ ತೊಗಟೆ ಕೆಳಗೆ. ಮೂರನೆಯದು ಸಾಲೂ ಅಲ್ಲ, ಅಡ್ಡಾದಿಡ್ಡಿ ಒಂದರ ಮೇಲೊಂದು ಎಸೆದ ಹಾಗೆ, ನಡುವೆ ಬೆಕ್ಕು ನುಸುಳುವಷ್ಟು ಸಂದು. ತುದಿಗಳಿಗೆ ಕೆಂಪು, ನೀಲಿ, ಹಳದಿ ಬಣ್ಣದ ಚುಕ್ಕೆಗಳು. ಚಿಕ್ಕ ಮಕ್ಕಳ ಆಟ ಎಂದುಕೊಂಡಳು. ಕೆಲವು ತುಂಡುಗಳಂತೂ ಯಾವ ಒಲೆಯ ಬಾಯಿಗೂ ಹಿಡಿಯದಷ್ಟು ದಪ್ಪ.

ಅವಳು ಕೊಡಲಿ ಎತ್ತಿಕೊಂಡಳು. ಸ್ಟ್ರಿಂಗಿಬಾರ್ಕ್ ಎಂಬ ನೀಲಗಿರಿ ಜಾತಿಯ ಮರದ ದಪ್ಪನೆಯ ತುಂಡುಗಳನ್ನೆಲ್ಲ ಇನ್ನೂ ಸಣ್ಣಗೆ ಸೀಳಿದಳು. ಮೂರನ್ನೂ ಕೂಡಿಸಿ ಒಂದೇ ಒಟ್ಟಿಲು ಮಾಡಿದಳು. ಎಲ್ಲ ತೊಗಟೆ ಮೇಲೆ, ಎಲ್ಲ ತುದಿ ಒಂದೇ ಗೆರೆಗೆ, ಕೊನೆಗಳಲ್ಲಿ ಅಡ್ಡ ಕಟ್ಟು. ಎದುರಿನ ಬೇಲಿಗೆ ಬಣ್ಣ ಬಳಿಯುತ್ತಿದ್ದ ಬ್ರಿಡಿ ಎರಡು ಸಲ ತಲೆ ಎತ್ತಿ ನೋಡಿದಳು. ಮೆರಿನ್ ಕೊಡಲಿ ಎತ್ತಿ ಆಡಿಸಿದಳು. ಬ್ರಿಡಿ ಬ್ರಷ್ಷನ್ನು ಮತ್ತೆ ಡಬ್ಬಿಗೆ ಅದ್ದಿದಳು.

ಊಟದ ಹೊತ್ತಿಗೆ ಹದಿನಾರರ ಒಬ್ಬ ಹುಡುಗಿ ಬಂದು ಒಟ್ಟಿಲಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು.

“ಇದನ್ನ ಮಾಡಿದ್ದು ಯಾರು?”

“ನಾನೇ ಕಣಮ್ಮ,” ಎಂದು ಮೆರಿನ್ ಕೈ ಒರೆಸಿಕೊಂಡಳು. “ಥ್ಯಾಂಕ್ಸೆಲ್ಲ ಬೇಡ. ಇನ್ನು ಚಳಿಗಾಲ ಪೂರ್ತಿ ನಿಶ್ಚಿಂತೆ.”

ಹುಡುಗಿ ಥ್ಯಾಂಕ್ಸ್ ಹೇಳಲಿಲ್ಲ. ಅವಳೇ ಪೆಟ್ರಾ. ಕಣಿವೆಯಲ್ಲಿ ತೊಗಟೆ ಮೇಲಿಟ್ಟರೆ ಸೌದೆ ಬೇಗ ಒಣಗುತ್ತದೆ ಎನ್ನುವವರು ಅರ್ಧ, ಕೆಳಗಿಟ್ಟರೆ ಎನ್ನುವವರು ಇನ್ನರ್ಧ. ಗಾಳಿ ಆಡಿದರೆ ಸಾಕು, ತೊಗಟೆ ಎತ್ತ ಇದ್ದರೇನು ಎಂದು ಅವಳಜ್ಜ. ಯಾರೂ ತೂಗಿ ನೋಡಿರಲಿಲ್ಲ. ಪೆಟ್ರಾ ಕಳೆದ ಸೆಪ್ಟೆಂಬರಿನಲ್ಲಿ ಒಂದೇ ಮರದ, ಎರಡು ಹೋಳು ಮಾಡಿದ ಹಸಿ ತುಂಡುಗಳನ್ನು ತರಿಸಿ, ಮೂರು ಬಗೆಯಲ್ಲಿ ಒಟ್ಟಿ, ಚುಕ್ಕೆ ಇಟ್ಟು, ತಿಂಗಳಿಗೊಮ್ಮೆ ಮೀನು ತೂಗುವ ಕೊಕ್ಕೆ ತಕ್ಕಡಿಗೆ ತೂಗುಹಾಕಿ ಎಷ್ಟು ನೀರು ಹೋಗಿದೆ ಎಂದು ನೋಡುತ್ತಿದ್ದಳು. ಇನ್ನೂ ಒಂದು ವರ್ಷ ನಡೆಯಬೇಕಿತ್ತು. ಇದನ್ನೆಲ್ಲ ಅವಳು ದನಿ ಏರಿಸದೆ ಹೇಳಿದಳು. ಚುಕ್ಕೆ ನೋಡಿ ಮತ್ತೆ ಬೇರೆ ಮಾಡಬಹುದಲ್ಲ ಎಂದು ಮೆರಿನ್ ಕೇಳಿದಳು. ಕೇಳುತ್ತಿರುವಾಗಲೇ ಅವಳ ಕಣ್ಣು ಕೊಡಲಿಯ ಕಡೆ ಹೋಯಿತು. ಸೀಳಿದ ತುಂಡನ್ನು ಯಾರೂ ಕೂಡಿಸಲಾರರು. ಸಣ್ಣಗೆ ಸೀಳಿದ ಸೌದೆ ಒಣಗುವ ವೇಗವೇ ಬೇರೆ.

“ಸೋಮವಾರದ ಸಭೆಗೆ ದೂರು ಕೊಡ್ತೀನಿ,” ಎಂದಳು ಪೆಟ್ರಾ. “ನಿಮ್ಮ ಮೇಲೆ.”

ಬ್ರಿಡಿಯ ಹೆಸರು ಸಭೆಯ ಮುಂದೆ ಬರುವುದೂ ಅದೇ ಸೋಮವಾರ.

ಮನೆಗೆ ಬರುವಾಗ ಕಾರಿನಲ್ಲಿ ಮೆರಿನ್ ಎಲ್ಲ ಯೋಚಿಸಿ ಮುಗಿಸಿದಳು. ಕ್ಷಮೆ ಕೇಳುವುದು, ಪರಿಹಾರ ಸೂಚಿಸುವುದು, ತಾಯಿಯ ತಪ್ಪಿಗೆ ಮಗಳನ್ನು ಹೊಣೆ ಮಾಡಬಾರದೆಂದು ಎರಡೇ ಮಾತಿನಲ್ಲಿ ತಿಳಿಸುವುದು. ಹದಿನೇಳು ವರ್ಷ ಮಕ್ಕಳ ಮುಂದೆ ನಿಂತವಳಿಗೆ ಇದೇನೂ ಕಷ್ಟವೆನಿಸಲಿಲ್ಲ. ನೀನೇನೂ ಹೇಳಬೇಡ, ನಾನು ನೋಡಿಕೊಳ್ಳುತ್ತೇನೆ ಎಂದಳು. ಬ್ರಿಡಿ ಕಿಟಕಿಯ ಹೊರಗೆ ನದಿ ನೋಡುತ್ತಿದ್ದಳು.

ಸೋಮವಾರ ಬೆಳಗಿನ ಎರಡು ತರಗತಿಗಳನ್ನು ಬೇರೆಯವರಿಗೆ ವಹಿಸಿ ಮೆರಿನ್ ಶೆಡ್ಡಿಗೆ ಹೋದಳು. ಒಲೆಯ ಪಕ್ಕದ ಬೆಂಚಿನಲ್ಲಿ, ಸೌದೆ ಬುಟ್ಟಿಯ ಹತ್ತಿರ ಅವಳಿಗೆ ಜಾಗ ಸಿಕ್ಕಿತು. ಮಕ್ಕಳು ಹಳೆಯ ಸೇಬಿನ ಪೆಟ್ಟಿಗೆಗಳ ಮೇಲೆ ಸುತ್ತಲೂ ಕೂತಿದ್ದರು. ಆ ತಿಂಗಳು ಸಭೆ ನಡೆಸುವ ಸರದಿ ಹನ್ನೆರಡು ವರ್ಷದ ಐವೋನದು. ಅವನ ಕೈಯಲ್ಲಿ ಮರದ ಸೌಟಿತ್ತು. ಸೌಟು ಯಾರ ಕಡೆ ತಿರುಗುತ್ತದೋ ಅವರು ಮಾತಾಡಬೇಕು, ಉಳಿದವರು ಸುಮ್ಮನಿರಬೇಕು.

ಪೆಟ್ರಾ ದೂರು ಹೇಳಿದಳು. ಶನಿವಾರ ಹೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚು ಮಾಡಲಿಲ್ಲ. ಸೌಟು ಮೆರಿನ್ ಕಡೆ ತಿರುಗಿತು. ಅವಳು ಎದ್ದು ಕ್ಷಮೆ ಕೇಳಿದಳು, ಅದು ಮನಸ್ಸಿನಿಂದಲೇ ಬಂತು. ನಂತರ ಪರಿಹಾರಕ್ಕೆ ಬಂದಳು. ಏಳು ತಿಂಗಳ ತೂಕಗಳು ಹೇಗೂ ಇವೆ, ಅವುಗಳ ಇಳಿಕೆ ನೋಡಿದರೆ ಉಳಿದ ತಿಂಗಳುಗಳದ್ದನ್ನು ಲೆಕ್ಕ ಹಾಕಿ ಹೆಚ್ಚುಕಡಿಮೆ ನಿಖರವಾಗಿ ಅಂದಾಜು ಮಾಡಬಹುದು, ಅದನ್ನು ತಾನೇ ಕೂತು ಮಾಡಿಕೊಡುತ್ತೇನೆ ಎಂದಳು.

“ನಂಗೆ ಅಂದಾಜು ಬೇಡ ಮೆರಿನ್,” ಎಂದಳು ಪೆಟ್ರಾ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರಿನಿಂದಲೇ ಕರೆಯುತ್ತಿದ್ದರು. “ಅಂದಾಜು ಹೇಳೋರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ನಾನು ತೂಗೋಕೆ ಶುರು ಮಾಡಿದ್ದು.”

ಮೆರಿನ್ ಕೂತಳು. ಇಂಥ ಉತ್ತರವನ್ನು ತನ್ನ ತರಗತಿಯಲ್ಲಿ ಯಾರಾದರೂ ಕೊಟ್ಟಿದ್ದರೆ ಅವತ್ತಿಡೀ ಸಂತೋಷದಲ್ಲಿರುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು. ಸಭೆ ಶಿಕ್ಷೆ ಗೊತ್ತುಮಾಡಿತು. ಪೆಟ್ರಾ ಮೊದಲಿಂದ ಶುರು ಮಾಡುವುದಾದರೆ ಮೆರಿನ್ ಸೌದೆ ಎತ್ತಬೇಕು, ಪೆಟ್ರಾ ಹೇಳಿದ ಶನಿವಾರ ಬರಬೇಕು, ಹೇಳಿದಷ್ಟೇ ಮಾಡಬೇಕು. ಮೆರಿನ್ ಒಪ್ಪಿದಳು. ಇಷ್ಟಕ್ಕೆ ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಬ್ರಿಡಿ ಕೈ ಎತ್ತಿದಳು. ಸೌಟು ಅವಳ ಕಡೆ ತಿರುಗಿತು.

“ಆ ದೂರಿನಲ್ಲಿ ನನ್ನ ಹೆಸರೂ ಸೇರಿಸ್ಬೇಕು,” ಎಂದಳು. “ಅಮ್ಮಂಗೆ ಅದು ಏನು ಅಂತ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಹೋದ ವಾರ ಪೂರ್ತಿ ಪೆಟ್ರಾ ಜೊತೆ ಈ ತಿಂಗಳ ತೂಕ ತೂಗಿದೀನಿ. ಅಮ್ಮ ಮೊದಲನೇ ತುಂಡು ಸೀಳಿದಾಗ್ಲೇ ನೋಡಿದೆ. ಎದುರುಗಡೆ ಬೇಲಿ ಹತ್ರಾನೇ ಇದ್ದೆ. ಸುಮ್ನಿದ್ದೆ.”

ಮೆರಿನ್‌ಗೆ ಎತ್ತಿ ಆಡಿಸಿದ ಕೊಡಲಿ ನೆನಪಾಯಿತು. ಮಗಳು ತನ್ನ ಸೀಟನ್ನು ತಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದಾಳೆ ಎಂದು ತೋರಿತು. ಯಾರೂ ಕೇಳಿರಲಿಲ್ಲ, ಹೇಳದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಯಾಕೆ ಸುಮ್ಮನಿದ್ದೆ ಎಂದು ಐವೋ ಕೇಳಿದ.

“ನಮ್ಮ ಮನೇಲಿ ಅಮ್ಮ ಏನಾದ್ರೂ ಸರಿ ಮಾಡೋಕೆ ಹೊರಟ್ರೆ ಯಾರೂ ನಿಲ್ಲಿಸಲ್ಲ. ನಿಲ್ಲಿಸಿ ಅಭ್ಯಾಸ ಇಲ್ಲ. ಸಾಮಾನ್ಯವಾಗಿ ಅವ್ರು ಮಾಡಿದ್ದು ಸರೀನೇ ಇರತ್ತೆ. ಅದೇ ಕಷ್ಟ.”

ಮಕ್ಕಳು ಕೆಲವರು ನಕ್ಕರು. ಡೆಸ್ಮಂಡ್ ನಗಲಿಲ್ಲ, ಕೈ ಎತ್ತಿ ಸರದಿಗೆ ಕಾದರು. ಸೌಟು ತಿರುಗಿದ ಮೇಲೆ, ಈಗ ಎರಡನೇ ವಿಷಯಕ್ಕೆ ಬರೋಣ, ಎರಡನ್ನೂ ಕಲಸುವುದು ಬೇಡ ಎಂದರು.

ಎರಡನೇ ವಿಷಯ ಬ್ರಿಡಿಯ ಸೇರ್ಪಡೆ. ಕಿಟಕಿ ಒರೆಸುವುದನ್ನು ಕಲಿಸಿದ್ದ ಹುಡುಗಿ ಮೊದಲು ಕೇಳಿದಳು: “ಇವಳನ್ನ ತಗೊಂಡ್ರೆ ಇವಳಮ್ಮನೂ ಬರ್ತಾರಾ?” ಹೇಳಿದ ಶನಿವಾರ ಮಾತ್ರ ಎಂದು ಐವೋ ಗಂಭೀರವಾಗಿ ಉತ್ತರಿಸಿದ. ಇನ್ನೊಬ್ಬ ಹುಡುಗ ಮೊದಲ ವಾರ ಇವಳು ಟೋಸ್ಟ್ ಬಿಟ್ಟು ಬೇರೇನೂ ಮಾಡಲಿಲ್ಲ ಎಂದ. ದೊಡ್ಡ ಶಾಲೆಯಿಂದ ಬಂದವರೆಲ್ಲ ಮೊದಲು ಹಾಗೆಯೇ, ನೀನು ಒಂದು ತಿಂಗಳು ಮಲಗಿದ್ದೆ ಎಂದು ಯಾರೋ ಅವನಿಗೆ ನೆನಪಿಸಿದರು. ನಿಂಗೆ ಇಲ್ಲಿ ಏನು ಬೇಕು ಎಂದು ಐವೋ ಬ್ರಿಡಿಯನ್ನು ಕೇಳಿದ. ಮೆರಿನ್‌ಳ ನಾಲಿಗೆಯ ತುದಿಗೆ ಉತ್ತರ ಬಂತು. ಒಳ್ಳೆಯ ಉತ್ತರವೇ. ಸೌಟು ಅವಳ ಕಡೆ ಇರಲಿಲ್ಲ.

“ಇನ್ನೂ ಗೊತ್ತಿಲ್ಲ,” ಎಂದಳು ಬ್ರಿಡಿ. “ಗೊತ್ತಿಲ್ಲ ಅಂತ ಹೇಳೋಕೆ ಅಲ್ಲಿ ಜಾಗ ಇರ್ಲಿಲ್ಲ. ಇಲ್ಲಿದೆ. ಸದ್ಯಕ್ಕೆ ಆ ತೂಕದ ಕೊನೆ ಏನಾಗತ್ತೆ ಅಂತ ನೋಡ್ಬೇಕು. ಅದು ಮಾತ್ರ ಖಂಡಿತ.”

ಕೊನೆಗೆ ಪೆಟ್ರಾ ಕೈ ಎತ್ತಿದಳು. ಅವಳ ಕಡೆಯೇ ಹೆಚ್ಚಿನವರು ನೋಡುತ್ತಿದ್ದರು. ಅವಳು ಬೇಡ ಎಂದರೆ ಮುಕ್ಕಾಲು ಪಾಲು ಕೈ ಏಳುವುದಿಲ್ಲ ಎಂಬುದು ಮೆರಿನ್‌ಗೂ ಅರ್ಥವಾಗಿತ್ತು. ಲೆಕ್ಕ ಹಾಕುವುದು ಬಿಟ್ಟು ಅವಳಿಗೆ ಬೇರೆ ಏನೂ ಮಾಡಲು ಇರಲಿಲ್ಲ. ಒಲೆ ಮಂಕಾಗಿತ್ತು. ಕೆಂಡ ಬೂದಿಗೆ ತಿರುಗುತ್ತಿದ್ದುದನ್ನು ಅವಳ ಕಣ್ಣು ಆಗಿನಿಂದಲೂ ಗಮನಿಸುತ್ತಲೇ ಇತ್ತು.

“ಹೇಳಿದ್ದು ಒಳ್ಳೇದಾಯ್ತು,” ಎಂದಳು ಪೆಟ್ರಾ. “ಆದ್ರೆ ಇವತ್ತು ಹೇಳಿದೆ. ಶನಿವಾರ ಬೇಕಿತ್ತು. ಇನ್ನೊಂದು ಸಲ ನಿನ್ನ ಕಣ್ಣೆದುರಿಗೆ ಹೀಗೇ ಆದ್ರೆ? ನಿಮ್ಮಮ್ಮನೇ ಆಗಿದ್ರೆ?”

ಬ್ರಿಡಿ ಒಲೆಯ ಕಡೆ ನೋಡುತ್ತಿದ್ದಳು.

“ಅಮ್ಮ,” ಎಂದಳು. “ಅದನ್ನ ಕೆಳಗಿಡು.”

ಮೆರಿನ್ ತನ್ನ ಕೈ ನೋಡಿಕೊಂಡಳು. ಬುಟ್ಟಿಯಿಂದ ಒಂದು ತುಂಡು ಕೈಗೆ ಬಂದಿತ್ತು. ಇನ್ನೊಂದು ಕೈ ಒಲೆಯ ಬಾಗಿಲಿನ ಹಿಡಿಯ ಮೇಲಿತ್ತು. ಯಾವಾಗ ಬಗ್ಗಿದಳೋ, ಯಾವಾಗ ಎತ್ತಿದಳೋ ಅವಳಿಗೇ ತಿಳಿಯದು.

“ಒಲೆ ಆರ್ತಾ ಇದೆಯಲ್ಲೇ,” ಎಂದಳು, ಮನೆಯಲ್ಲಿ ಹೇಳುವ ಹಾಗೆಯೇ.

“ಆರ್ಲಿ. ಇವತ್ತು ಒಲೆ ಸರದಿ ಬೇರೆಯವ್ರದ್ದು. ಅವ್ರು ನೋಡ್ಕೋತಾರೆ. ಕೆಳಗಿಡಮ್ಮ.”

ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಮೆರಿನ್ ಬ್ರಿಡಿಯ ಬಾಯಲ್ಲಿ ಆ ದನಿ ಕೇಳಿರಲಿಲ್ಲ. ಬೇರೆಲ್ಲಿ ಕೇಳಿದ್ದಳು ಎಂದರೆ, ದಿನಾಲೂ ಕೇಳುತ್ತಿದ್ದಳು. ಅದು ಮೆರಿನ್‌ಳದೇ ದನಿ. ಅವಳು ತುಂಡನ್ನು ಬುಟ್ಟಿಗೆ ಹಾಕಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಶೆಡ್ಡಿನ ತುಂಬ ನಗು ಎದ್ದಿತು, ಐವೋ ಸೌಟು ಕುಟ್ಟಿದರೂ ನಿಲ್ಲಲಿಲ್ಲ. ಮೆರಿನ್‌ಗೂ ನಗು ಬಂತು. ಸರದಿಯ ಹುಡುಗ ಎದ್ದು ಬಂದು, ಒಂದು ಸಣ್ಣ ಕಡ್ಡಿ, ಆಮೇಲೆ ಇನ್ನೊಂದು, ತನ್ನದೇ ನಿಧಾನದಲ್ಲಿ ಒಲೆ ಎಬ್ಬಿಸಿದ.

“ನನ್ನ ಪ್ರಶ್ನೆಗೆ ಉತ್ತರ ಸಿಕ್ತು,” ಎಂದಳು ಪೆಟ್ರಾ. ಕೈ ಎತ್ತಲು ಹೇಳಿದಾಗ ಮೊದಲು ಎದ್ದದ್ದು ಅವಳ ಕೈ. ಟೋಸ್ಟಿನ ಹುಡುಗ ಎತ್ತಲಿಲ್ಲ. ಅವನನ್ನೂ ಇನ್ನಿಬ್ಬರನ್ನೂ ಬಿಟ್ಟು ಉಳಿದವರೆಲ್ಲ ಎತ್ತಿದರು. ನಿಂಗೆ ಒಪ್ಪಿಗೆಯಾ ಎಂದು ಐವೋ ಬ್ರಿಡಿಯನ್ನು ಕೇಳಿದ. ಹಾಗೆ ಕೇಳುವುದೂ ಅಲ್ಲಿನ ಪದ್ಧತಿ. ಬ್ರಿಡಿ ತಾಯಿಯ ಕಡೆ ತಿರುಗಿ ನೋಡಲಿಲ್ಲ. ಒಪ್ಪಿಗೆ ಎಂದಳು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಏನಾಯಿತೆಂದು ವಿಜ್ಞಾನದ ಮೇಷ್ಟ್ರು ಕೇಳಿದರು. ಮಗಳಿಗೆ ಸೀಟು ಸಿಕ್ಕಿತು, ನನಗೆ ಶಿಕ್ಷೆ ಸಿಕ್ಕಿತು ಎಂದಳು ಮೆರಿನ್. ಅವರು ತಮಾಷೆ ಎಂದುಕೊಂಡರು. ಸಂಜೆ ಗ್ಲೆನ್‌ಗೆ ಮಾತ್ರ ಎಲ್ಲ ಹೇಳಿದಳು. ಅವನು ಇಡೀ ಕಥೆ ಕೇಳಿ, ಟೀ ಲೋಟ ಕೆಳಗಿಟ್ಟು, ಕೆಳಗಿಡು ಅಂದಳಾ ಎಂದು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡ. ಇಷ್ಟು ವರ್ಷ ನೀನೇಕೆ ಅನ್ನಲಿಲ್ಲ ಎಂದು ಮೆರಿನ್ ಕೇಳಿದ್ದಕ್ಕೆ, “ನಂಗೆ ಆ ಶಾಲೆ ಸಿಗ್ಲಿಲ್ವಲ್ಲ,” ಎಂದ.

ಮುಂದಿನ ತಿಂಗಳು ಪೆಟ್ರಾ ಹೊಸ ಹಸಿ ಸೌದೆ ತರಿಸಿದಳು. ಈ ಸಲ ಮೂರಲ್ಲ, ನಾಲ್ಕು ಗುಂಪು. ಮೆರಿನ್ ಸೀಳಿ ಹಾಕಿದ್ದನ್ನು ನೋಡಿದ ಮೇಲೆ, ಸಣ್ಣಗೆ ಸೀಳಿದ್ದಕ್ಕೂ ಸೀಳದ್ದಕ್ಕೂ ವ್ಯತ್ಯಾಸ ಎಷ್ಟೆಂದು ತಿಳಿಯದೆ ಉಳಿದ ಮೂರನ್ನು ತೂಗಿ ಪ್ರಯೋಜನವಿಲ್ಲ ಎಂದು ಅವಳಿಗೆ ಹೊಳೆದಿತ್ತು. ಅದಕ್ಕೆ ಬಿಳಿ ಚುಕ್ಕೆ. ಚುಕ್ಕೆ ಇಡುತ್ತಿದ್ದವಳು ಬ್ರಿಡಿ.

ಮೆರಿನ್ ತುಂಡು ಎತ್ತಿ ತಕ್ಕಡಿಯ ಕೊಕ್ಕೆಗೆ ಹಾಕಬೇಕು, ಪೆಟ್ರಾ ತೂಕ ಓದಿದ ಮೇಲೆ ತೋರಿಸಿದ ಜಾಗದಲ್ಲಿ ಇಡಬೇಕು. ಹೊತ್ತು ಏರುವಷ್ಟರಲ್ಲಿ ಮೂರು ಸಾಲು ಮುಗಿದು ಅಡ್ಡಾದಿಡ್ಡಿಯ ಗುಂಪಿಗೆ ಬಂದರು. ಒಂದು ತುಂಡು ಸೊಟ್ಟಗೆ ಹೊರಚಾಚಿತ್ತು. ಎರಡು ಬೆರಳಲ್ಲಿ ತಳ್ಳಿದರೆ ಸರಿಹೋಗುತ್ತಿತ್ತು. ಮೆರಿನ್ ಕೈಗವಸು ಬಿಚ್ಚಿ ಎರಡೂ ಕೈ ಕೋಟಿನ ಜೇಬಿಗೆ ಹಾಕಿಕೊಂಡಳು.

“ಪೆಟ್ರಾ, ಅದು ಹಾಗೇ ಇರ್ಬೇಕಾ?”

ಪೆಟ್ರಾ ಬಂದು ನೋಡಿದಳು. ತಲೆ ಓರೆ ಮಾಡಿ ಇನ್ನೊಂದು ಕಡೆಯಿಂದಲೂ ನೋಡಿದಳು.

“ಇಲ್ಲ,” ಎಂದಳು. “ಅದು ಬೀಳತ್ತೆ. ಸ್ವಲ್ಪ ಒಳಗೆ ತಳ್ಳಿ.”

ಮೆರಿನ್ ತಳ್ಳಿದಳು. ಹೇಳಿದಷ್ಟೇ.